ನೂರ ಹದಿನೆಂಟನೆಯ ಗೀತೆಯ ರೆವರೆಂಡ್ ಸಿದ್ದಪ್ಪ

ಬಸವೇಶ್ವರನಗರ, ಬೆಂಗಳೂರು
3 ನವೆಂಬರ್ 2025, ಸೋಮವಾರ

ಚಿ. ಅರುಣಾಳಿಗೆ,

ಸಿದ್ದಪ್ಪ ಮಾಮಾ ಮಾಡುವ ಆಶೀರ್ವಾದಗಳು. ನಿನ್ನ ಅಮ್ಮನಿಗೆ, ನಮ್ಮ ಅಕ್ಕವ್ವನಿಗೆ, ನನ್ನ ನಮಸ್ಕಾರ ತಿಳಿಸು. ನಿನ್ನ ಮಗಳ ಮದುವೆಯ ಕಾಗದ ಬಂದು ನಾಲ್ಕು ವರ್ಷವಾಯಿತು. ನಾನು ಬೆಟಗೇರಿಗೆ ಬರಲೂ ಇಲ್ಲ, ಬರಲಾಗದ್ದಕ್ಕೆ ಎರಡು ಸಾಲು ಬರೆಯಲೂ ಇಲ್ಲ. ಮೊಣಕಾಲು ನೋವು ಎಂದು ಹೇಳಬಹುದು, ಆದರೆ ಮೊಣಕಾಲಿನಿಂದ ಯಾರೂ ಕಾಗದ ಬರೆಯುವುದಿಲ್ಲ. ಸೋಮಾರಿತನ, ಅಷ್ಟೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಬರೆಯಲು ಕಾರಣವಿದೆ. ಹೋದ ಮಂಗಳವಾರ ನಾನು ಸತ್ತ ಸುದ್ದಿಯನ್ನು ನಾನೇ ಓದಿದೆ. 1961ರಲ್ಲಿ ಸತ್ತೆನಂತೆ. ಆಗ ನನಗೆ ಒಂಬತ್ತು ವರ್ಷ.

ತಮಾಷೆಯಲ್ಲ. ಪತ್ರಿಕೆಯಿಂದ ನಿವೃತ್ತನಾದ ಮೇಲೂ ನಾನು ಪ್ರೂಫ್ ನೋಡುವುದನ್ನು ಬಿಟ್ಟಿಲ್ಲ. ವಿಜಯನಗರದಲ್ಲಿ ಚೈತ್ರ ಎಂಬ ಹೆಣ್ಣುಮಗಳು ಪ್ರೆಸ್ ನಡೆಸುತ್ತಾಳೆ. ಕನ್ನಡದ ಪುಸ್ತಕ ಬಂದರೆ ನನಗೆ ಕಳಿಸುತ್ತಾಳೆ. ಈ ಸಲ ಬಂದದ್ದು ನಮ್ಮ ಮನೆಯ ಹಿಂದಿನ ರಸ್ತೆಯ ಚರ್ಚಿನ ಗೀತೆಗಳ ಪುಸ್ತಕ. ಹೊಸ ಆವೃತ್ತಿ, ಮುನ್ನೂರ ನಲವತ್ತು ಗೀತೆಗಳು. ಪ್ರತಿ ಗೀತೆಯ ಕೆಳಗೆ ಬರೆದವರ ಹೆಸರು, ಧಾಟಿ ಹಾಕಿದವರ ಹೆಸರು, ಕೊನೆಯಲ್ಲಿ ಎಲ್ಲರ ಪರಿಚಯ. ಒಳ್ಳೆಯ ಕೆಲಸವೇ. ಇಷ್ಟು ವರ್ಷ ಆ ಹಾಡುಗಳನ್ನು ಹಾಡಿದವರಿಗೆ ಅವು ಯಾರ ಬಾಯಿಂದ ಬಂದವು ಎಂದು ತಿಳಿಯಲಿ ಎಂದು ಯಾರೋ ಯೋಚಿಸಿದ್ದಾರೆ. ಜರ್ಮನಿಯಿಂದ ಬಂದು ಕನ್ನಡ ಕಲಿತ ಪಾದ್ರಿಗಳಿದ್ದಾರೆ, ಶಾಲಾ ಮಾಸ್ತರರಿದ್ದಾರೆ, ಹಳ್ಳಿ ಹಳ್ಳಿ ತಿರುಗಿದ ಉಪದೇಶಿಗಳಿದ್ದಾರೆ. ಆದರೆ ನಾನು ಎಣಿಸಿ ನೋಡಿದೆ. ಇಷ್ಟೆಲ್ಲದರಲ್ಲಿ ಹೆಂಗಸರ ಹೆಸರು ಎರಡೇ ಎರಡು. ಅದರಲ್ಲಿ ಒಂದು, 'ಶ್ರೀಮತಿ' ಎಂದು ಬರೆದು ಮುಂದೆ ಗಂಡನ ಹೆಸರು. ಹಾಡಿದ್ದು ಆಕೆ, ಹೆಸರು ಆತನದು.

ನೂರ ಹದಿನೆಂಟನೆಯ ಗೀತೆಗೆ ಬಂದೆ. ಮೊದಲ ಸಾಲು ನೋಡಿದ ಕೂಡಲೇ ಕನ್ನಡಕ ತೆಗೆದು ಒರೆಸಿದೆ.

ಕಡಿದ ಎಳೆಯ ಕೂಡಿಸಿದೆಯೊ ತಂದೆ,
ಗಂಟು ಇಲ್ಲದ ಹಾಗೆ ಹೊಸೆದು ತಂದೆ;
ಯಾವ ಕಡೆ ಕಡಿದಿತ್ತೊ ನನಗೆ ತಿಳಿಯದು,
ನಿನ್ನ ಬೆರಳಿಗಷ್ಟೆ ಆ ಗುರುತು ತಿಳಿವುದು.

ನಿನಗೆ ಬಾಯಿಪಾಠ ಇರಬೇಕು. ಕೆಳಗೆ ಅಚ್ಚಾದದ್ದು: 'ಬರೆದವರು: ರೆವ. ಸಿದ್ದಪ್ಪ'. ಹಿಂದಿನ ಪುಟಗಳಲ್ಲಿ ಪರಿಚಯ ಹುಡುಕಿದೆ. ರೆವರೆಂಡ್ ಸಿದ್ದಪ್ಪನವರು 1898ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದರಂತೆ. ಕುದುರೆಯ ಮೇಲೆ ಊರೂರು ಸುತ್ತಿ ಸುವಾರ್ತೆ ಸಾರಿದರಂತೆ. ಪ್ಲೇಗಿನಲ್ಲಿ ಪತ್ನಿಯನ್ನು ಕಳೆದುಕೊಂಡ ದುಃಖದಲ್ಲಿ ಈ ಗೀತೆ ಬರೆದರಂತೆ. ಅಡಿಟಿಪ್ಪಣಿ ಬೇರೆ ಇದೆ: 'ಇಲ್ಲಿ ಗಂಟು ಎಂದರೆ ಐಹಿಕ ಸಂಪತ್ತು, ಗಂಟು ಇಲ್ಲದೆ ಎಂದರೆ ಧನದ ಆಸೆಯಿಲ್ಲದೆ ಎಂದು ಅರ್ಥ.'

ಅರುಣಾ, ನನ್ನ ಪೂರ್ತಿ ಹೆಸರು ರೇವಣಸಿದ್ದಪ್ಪ. ನಲವತ್ತೊಂಬತ್ತು ವರ್ಷಗಳ ಹಿಂದೆ ಬಿನ್ನಿಪೇಟೆಯ ಪ್ರಾರ್ಥನಾಲಯಕ್ಕೆಂದು ಟೈಪ್ ಮಾಡಿ ಪ್ರತಿ ತೆಗೆದ ಸೈಕ್ಲೋಸ್ಟೈಲ್ ಪುಸ್ತಕದಲ್ಲಿ ಅದು 'ರೇವ. ಸಿದ್ದಪ್ಪ' ಎಂದು ಹೇಗೋ ಮೊಟಕಾಗಿತ್ತು. ಆಮೇಲೆ ಯಾರೋ ನಕಲು ಮಾಡುವಾಗ ಒಂದು ದೀರ್ಘ ಬಿದ್ದುಹೋಗಿದೆ. ರೇವ ಹೋಗಿ ರೆವ. ಒಂದು ದೀರ್ಘ ಕಳಚಿದ್ದಕ್ಕೆ ನಾನು ಪಾದ್ರಿಯಾದೆ, ಕುದುರೆ ಹತ್ತಿದೆ, ವಿಧುರನಾದೆ, ಸತ್ತೂ ಹೋದೆ.

ಕೂಡಲೇ ಚೈತ್ರಳಿಗೆ ಫೋನ್ ಮಾಡಿದೆ.

"ನೂರ ಹದಿನೆಂಟರಲ್ಲಿ ದೊಡ್ಡ ತಪ್ಪಿದೆ ಕಣಮ್ಮ" ಎಂದೆ.

"ಕಾಗುಣಿತಾನಾ ಸಾರ್?"

"ಅಲ್ಲ. ನಾನು."

ಅವಳು "ಸಾರ್, ಬಿಪಿ ಮಾತ್ರೆ ತಗೊಂಡ್ರಾ?" ಎಂದು ಕೇಳಿದಳು. ಜಗದಾಂಬಾ ಇನ್ನೂ ಒಂದು ಕೈ ಮೇಲೆ. ಅಡುಗೆಮನೆಯಿಂದಲೇ, "ನವೆಂಬರ್ ಬಂತಲ್ವಾ, ಹೆಂಗೂ ಬ್ಯಾಂಕಿಗೆ ಲೈಫ್ ಸರ್ಟಿಫಿಕೇಟ್ ಕೊಡ್ಬೇಕು. ಇನ್ನೊಂದು ಕಾಪಿ ಮಾಡಿಸಿ ಚರ್ಚಿಗೂ ಕೊಟ್ಟು ಬನ್ನಿ" ಎಂದಳು.

ಹೋದೆ. ನಮ್ಮ ರಸ್ತೆಯನ್ನು ಪೈಪಿಗೆಂದು ಅಗೆದು ಎರಡು ತಿಂಗಳಾಯಿತು. ಹಿಂದಿನ ರಸ್ತೆಗೆ ಹೋಗಲು ಹಾವನೂರು ವೃತ್ತ ಸುತ್ತಿ ಬರಬೇಕು. ಪುಸ್ತಕ ಸಮಿತಿಯ ಕಾರ್ಯದರ್ಶಿ ಸ್ಯಾಮ್ಸನ್ ದೊಡ್ಡಣ್ಣ ಎಂಬಾತ, ಅರವತ್ತರ ಆಸುಪಾಸಿನವನು, ಟೆಲಿಫೋನ್ ಇಲಾಖೆಯಲ್ಲಿದ್ದು ಸ್ವಯಂನಿವೃತ್ತಿ ಪಡೆದವನು. ಒಳ್ಳೆಯವನು. ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

"ಸಾರ್, ನೀವು ಲಿಂಗಾಯತ್ರಲ್ವಾ?" ಎಂದ, ನನ್ನ ಹಣೆ ನೋಡಿ.

"ಹೌದು."

"ಮತ್ತೆ ರೆವರೆಂಡ್ ಹೇಗಾದ್ರಿ?"

"ನಾನು ಆಗಿಲ್ಲ ದೊಡ್ಡಣ್ಣನವರೇ, ನೀವು ಮಾಡಿದ್ದು. ಆ ಪ್ಲೇಗು, ಆ ಕುದುರೆ, ಅದೆಲ್ಲ ಎಲ್ಲಿಂದ ಬಂತು?"

"ಹಿರಿಯರೊಬ್ಬರು ಹೇಳಿದ್ರು ಸಾರ್. ಆ ಕಾಲದ ಪಾದ್ರಿ ಅಯ್ಯನೋರೆಲ್ಲ ಕುದುರೆ ಮೇಲೇ ಓಡಾಡ್ತಿದ್ರಂತೆ. ಇವರು ಮಾತ್ರ ನಡ್ಕೊಂಡು ಹೋಗಿರ್ತಾರಾ ಅಂತ..." ಎಂದು ತಲೆ ಕೆರೆದುಕೊಂಡ. "ಅಯ್ಯೋ, ಹಾಡಿನ ಸ್ಪರ್ಧೆಗೆ ಶೀಲ್ಡ್ ಬೇರೆ ಮಾಡಿಸಿಬಿಟ್ಟಿದೀವಿ. ರೆವರೆಂಡ್ ಸಿದ್ದಪ್ಪ ಮೆಮೋರಿಯಲ್ ರೋಲಿಂಗ್ ಶೀಲ್ಡ್."

ಬೀರುವಿನಿಂದ ತೆಗೆದು ತೋರಿಸಿಯೂ ಬಿಟ್ಟ. ಹಿತ್ತಾಳೆಯ ಮೇಲೆ ನನ್ನ ಅರ್ಧ ಹೆಸರು, ಕೆಳಗೆ ಎರಡು ರೆಕ್ಕೆ.

ಅಷ್ಟಾದರೂ ಮಾತು ಕೇಳಿದ. ಕೂಡಲೇ ಪೆನ್ನು ತೆಗೆದು, "ಹಾಗಾದ್ರೆ ಸಾಹಿತ್ಯ, ಧಾಟಿ ಎರಡೂ ರೇವಣಸಿದ್ದಪ್ಪ ಅಂತ ಹಾಕ್ತೀವಿ, ಮುಗೀತು" ಎಂದ.

"ಧಾಟಿ ನನ್ನದು. ಸಾಹಿತ್ಯ ನನ್ನದಲ್ಲ."

"ಮತ್ಯಾರದು?"

"ಅಕ್ಕವ್ವಂದು."

"ನಿಮ್ಮ ಅಕ್ಕನದಾ ಸಾರ್?"

ಇಲ್ಲಿಂದ ನನ್ನ ತಾಳ್ಮೆ ತಪ್ಪಿತು. ಅವನದೂ ತಪ್ಪಿತು. ಅಕ್ಕವ್ವ ಎನ್ನುವುದು ಹೆಸರಲ್ಲ, ಅಕ್ಕನನ್ನು ಕರೆಯುವ ಮಾತು ಎಂದು ಅವನ ವಾದ. ಹಾಗೆ ಹಾಕಿದರೆ ಓದಿದವರು ನಗುತ್ತಾರೆ. ದೀಕ್ಷಾಸ್ನಾನದ ಹೆಸರು ಬೇಕು, ಹುಟ್ಟಿದ ವರ್ಷ ಬೇಕು, ಹಾಡು ಅವರದೇ ಎಂದು ಯಾರಾದರೂ ಹೇಳಬೇಕು. ನ್ಯಾಯವಾದ ಪ್ರಶ್ನೆಗಳು. ನನಗೆ ಆಕೆಯ ಹೆಸರು ಗೊತ್ತಿಲ್ಲ, ಅರುಣಾ. ಪತ್ರಿಕೆಯಲ್ಲಿ ಮೂವತ್ತೇಳು ವರ್ಷ ಕಂಡಕಂಡವರ ಹೆಸರಿನ ಒತ್ತು, ದೀರ್ಘ ತಿದ್ದಿದವನು ನಾನು. ಏಳು ವರ್ಷ ಬಿನ್ನಿಪೇಟೆಯ ಒಂದೇ ವಠಾರದಲ್ಲಿ ಒಂದೇ ನಲ್ಲಿಯ ನೀರು ಹಿಡಿದವಳ ಹೆಸರು ಕೇಳಿಕೊಂಡಿಲ್ಲ. ವಠಾರಕ್ಕೆಲ್ಲ ಅಕ್ಕವ್ವ, ನನಗೂ ಅಕ್ಕವ್ವ.

ಹಾಡು ಹುಟ್ಟಿದಾಗ ನಿನಗೆ ಆರು ವರ್ಷ. ನಿನಗೆ ನೆನಪಿರಲಿಕ್ಕಿಲ್ಲ, ಅದಕ್ಕೆ ಬರೆಯುತ್ತೇನೆ. ನಿನಗೆ ವಿಷಮಶೀತ ಜ್ವರ ಬಂದು ಇಪ್ಪತ್ತೆರಡು ದಿನ ಮಲಗಿದ್ದೆ. ಇಪ್ಪತ್ಮೂರನೆಯ ದಿನ ಎದ್ದು ಕೂತು ಗಂಜಿ ಕುಡಿದೆ. ಅಂದು ಸಂಜೆ ಅಕ್ಕವ್ವ ಬಟ್ಟೆ ಗಿರಣಿಯ ನೂಲು ತೆಗೆಯುವ ಸ್ಪಿನ್ನಿಂಗ್ ಖಾತೆಯಿಂದ ಬಂದವಳು, ತಲೆಯಲ್ಲಿ ಹತ್ತಿಯ ದೂಳು ಹಾಗೇ ಇತ್ತು, ಒಗೆಯುವ ಕಲ್ಲಿನ ಮೇಲೆ ಕೂತು ಈ ನಾಲ್ಕು ಸಾಲು ಅಂದಳು. ಯಾರಿಗೂ ಅಂದದ್ದಲ್ಲ. ನಾನು ಹಾರ್ಮೋನಿಯಂ ಮುಚ್ಚುತ್ತಿದ್ದವನು ಮತ್ತೆ ತೆರೆದೆ. ಅಪ್ಪ ಮಠದ ಭಜನೆಯಲ್ಲಿ ನುಡಿಸುತ್ತಿದ್ದ ಒಂದು ಮಟ್ಟನ್ನು ಸ್ವಲ್ಪ ತಿರುಗಿಸಿ ಕೂರಿಸಿದೆ. ಪ್ರಾರ್ಥನಾಲಯದ ಅಯ್ಯನವರು ಕ್ರಿಸ್ಮಸ್‌ಗೆ ಹೊಸ ಹಾಡು ಬೇಕೆಂದು ನನ್ನ ಬೆನ್ನು ಹತ್ತಿದ್ದರು. ಆ ವಠಾರದಲ್ಲಿ ಹಾರ್ಮೋನಿಯಂ ಇದ್ದವನು ನಾನೊಬ್ಬನೇ. ಜಾತಿ ಕೇಳಿರಲಿಲ್ಲ, ಶ್ರುತಿ ಕೇಳಿದ್ದರು.

ಕಾಗದಕ್ಕೆ ಇಳಿಸುವಾಗ ನಾನು 'ಗಂಟು ಹಾಕಿ ಕೂಡಿಸಿದೆ' ಎಂದು ಬರೆದು ಓದಿದೆ. ಅಕ್ಕವ್ವ ಕೈ ಅಡ್ಡ ಹಿಡಿದಳು.

"ಏ ತಮ್ಮಾ, ಗಂಟ ಹಾಕಬ್ಯಾಡ. ಗಂಟ ಹಾಕಿದ್ರ ಅದು ಮುಂದ ಹೋಗಿ ಸಿಕ್ಕೊಂಡು ಮತ್ತ ಕಡೀತೈತಿ. ನಮ್ಮ ಖಾತೇದಾಗ ಗಂಟ ಇಲ್ಲ. ಹತ್ತೀಗೆ ಎಳಿ ಹಚ್ಚಿ ಹೊಸದ್ರ ತಾನ ಕೂಡ್ತೈತಿ. ಎಲ್ಲಿ ಕಡದಿತ್ತು ಅನ್ನೂದ ಗೊತ್ತಾಗೂದಿಲ್ಲ."

ಅದನ್ನೇ ದೊಡ್ಡಣ್ಣನಿಗೆ ಹೇಳಿದೆ. ಗಂಟು ಎಂದರೆ ಸಂಪತ್ತಲ್ಲ ಮಾರಾಯರೇ, ಗಂಟು ಎಂದರೆ ಗಂಟು. ನೂಲುವ ಯಂತ್ರದ ಮುಂದೆ ಎಂಟು ಗಂಟೆ ನಿಂತವರಿಗೆ ಬಿಟ್ಟು ಬೇರೆಯವರಿಗೆ ಈ ಸಾಲು ಹೊಳೆಯುವುದಿಲ್ಲ. ಅವನು ತಲೆಯಾಡಿಸಿ, "ನೀವೂ ಬಿನ್ನಿಪೇಟೆಲೇ ಇದ್ರಲ್ಲ ಸಾರ್, ನೀವೇ ನೋಡಿ ಬರೆದಿರಬಹುದಲ್ಲ?" ಎಂದ.

ಆದ್ದರಿಂದ ಅರುಣಾ, ದಯವಿಟ್ಟು ಅಮ್ಮನ ದೀಕ್ಷಾಸ್ನಾನದ ಹೆಸರು, ಹುಟ್ಟಿದ ವರ್ಷ ತಿಳಿಸು. ಹಾಡು ತನ್ನದು ಎಂದು ಆಕೆ ಒಂದು ಮಾತು ಹೇಳಿದರೆ ಸಾಕು. 24ನೇ ತಾರೀಕು ಪುಸ್ತಕ ಅಚ್ಚಿಗೆ ಹೋಗುತ್ತದೆ. ಅಲ್ಲಿಂದಾಚೆ ಇನ್ನು ಮೂವತ್ತು ವರ್ಷ ಯಾರೂ ಅದನ್ನು ಮುಟ್ಟುವುದಿಲ್ಲ.

ನಿನ್ನ ಮನೆಯವರಿಗೂ ಮಗಳು ಅಳಿಯನಿಗೂ ನನ್ನ ಆಶೀರ್ವಾದ. ಜಗದಾಂಬಾ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಮಾಮಾ,
ರೇವಣಸಿದ್ದಪ್ಪ
(ಬದುಕಿದ್ದಾನೆ)

ಮರೆತಿದ್ದೆ: ದೊಡ್ಡಣ್ಣನ ನಂಬರು ಹಿಂಬದಿಯಲ್ಲಿ ಬರೆದಿದ್ದೇನೆ. ಅಕ್ಕವ್ವ ಹೇಳಿದ್ದನ್ನು ನೇರವಾಗಿ ಅವನಿಗೇ ಹೇಳು. ನನ್ನ ಮೂಲಕ ಬಂದರೆ ನಾನೇ ಹೇಳಿಕೊಟ್ಟೆ ಎಂದಾರು.


ಬಸವೇಶ್ವರನಗರ
14 ನವೆಂಬರ್ 2025, ಶುಕ್ರವಾರ

ಚಿ. ಅರುಣಾಳಿಗೆ,

ಆಶೀರ್ವಾದಗಳು. ಹೋದ ಶನಿವಾರ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. 'ಆಯ್ತು ಬಿಡು' ಎಂದು ಇಟ್ಟುಬಿಟ್ಟೆ. ನಿನಗೆ ಬೇಸರವಾಗಿದ್ದರೆ ಅದು ನ್ಯಾಯ. ಮತ್ತೆ ಫೋನ್ ಮಾಡಲು ಆರು ದಿನದಿಂದ ಕೈ ಹೋಗಲಿಲ್ಲ. ಬರೆಯುವುದೇ ನನಗೆ ಸುಲಭ.

ನೀನು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದು. ನೀನು ನನ್ನ ಕಾಗದವನ್ನು ಅಕ್ಕವ್ವನ ಬಲಗಿವಿಯ ಹತ್ತಿರ ಕೂತು ಓದಿದೆ. ಆಕೆ ನನ್ನ ಕುದುರೆ ಸವಾರಿ ಕೇಳಿ ಕೆಮ್ಮು ಬರುವಷ್ಟು ನಕ್ಕಳು. ಆಮೇಲೆ ಹಾಡಿನ ವಿಷಯ ಕೇಳಿದಾಗ, "ನನಗ ಬರಿಯಾಕ ಎಲ್ಲಿ ಬರತೈತಿ? ಬರದಾಂವ ರೇವಣಸಿದ್ದ. ಅವನ ಹೆಸರ ಇರಲಿ. ಸುಳ್ಳ ಯಾಕ ಹೇಳ್ಲಿ, ನನಗ ಎಂಬತ್ತಾತು" ಎಂದಳು. ನೀನು ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಉತ್ತರ. ನೇರವಾಗಿ ಹೇಳು ಎಂದು ನಾನೇ ಬರೆದಿದ್ದೆನಲ್ಲ, ಅದನ್ನು ನೀನು ದೊಡ್ಡಣ್ಣನಿಗೂ ತಿಳಿಸಿದೆ. ನಿನ್ನ ತಪ್ಪು ಏನೂ ಇಲ್ಲ.

ರೂತವ್ವ. ಎಷ್ಟು ಚಂದದ ಹೆಸರು! ಅದನ್ನು ಪ್ರೂಫಿನ ಅಂಚಿನಲ್ಲಿ ಬರೆದು ನೋಡಿದೆ. ಎಲ್ಲೂ ಮೊಟಕು ಮಾಡಬೇಕಾಗಿಲ್ಲ. ಒಂದು ಸಾಲಿನಲ್ಲಿ ಸಲೀಸಾಗಿ ಕೂರುತ್ತದೆ.

ಆದರೆ ಕೂರಿಸಲು ಬಿಡಬೇಕಲ್ಲ. ಶನಿವಾರ ಸಂಜೆಯೇ ದೊಡ್ಡಣ್ಣ ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಗೆ ಬಂದ.

"ಸಾರ್, ಸಾಕ್ಷಿ ಸಿಕ್ತು. ಆ ಅಜ್ಜೀನೇ ಹೇಳಿದಾರಂತೆ, ಹಾಡು ನಿಮ್ಮದೇ ಅಂತ. ಬದುಕಿರೋ ಗೀತಕರ್ತರು ನಮಗೆ ಸಿಕ್ಕಿದ್ದು ಇದೇ ಫಸ್ಟ್ ಟೈಮ್ ಸಾರ್. ಉಳಿದವರೆಲ್ಲ ಫೋಟೋನೂ ಇಲ್ದೆ ಹೋಗ್ಬಿಟ್ಟಿದಾರೆ. ಡಿಸೆಂಬರ್ ಏಳಕ್ಕೆ ಬಿಡುಗಡೆ, ನಿಮಗೆ ಶಾಲು ಹೊದಿಸ್ತೀವಿ."

"ಹಾಡು ನನ್ನದಲ್ಲ ಎಂದು ಹೇಳಿದ್ದೆನಲ್ಲ."

"ಅವರು ನಂದಲ್ಲ ಅಂತಾರೆ, ನೀವು ನಂದಲ್ಲ ಅಂತೀರ. ಹಾಗಾದ್ರೆ ಹಾಡು ಆಕಾಶದಿಂದ ಬಿತ್ತಾ ಸಾರ್?"

ಜಗದಾಂಬಾ ಕಾಫಿ ಕೊಡುತ್ತಾ, "ಬೀಳಕ್ಕೇನು, ಇವರ ತಲೆ ಮೇಲೆ ಬಿದ್ದಿದೆ. ಹತ್ತು ದಿನದಿಂದ ನೋಡ್ತಿದೀನಲ್ಲ" ಎಂದಳು.

ಮರುದಿನ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಹೋದೆ. ಸಮಿತಿಯವರೆಲ್ಲ ಒಂದೇ ಕಡೆ ಸಿಗುತ್ತಾರೆ, ನಾಲ್ಕು ಮಾತು ಹೇಳಿ ಬರೋಣ ಎಂದು. ಹಿಂದಿನ ಬೆಂಚಿನಲ್ಲಿ ಕೂತೆ. ನನ್ನನ್ನು ನೋಡಿದ್ದೇ ದೊಡ್ಡಣ್ಣ ಓಡಿಹೋಗಿ ಹಾಡುವ ಗುಂಪಿಗೆ ಏನೋ ಹೇಳಿದ. ಅವರು ನೂರ ಹದಿನೆಂಟನ್ನು ಎತ್ತಿಕೊಂಡರು. ಗಿಟಾರು, ಡ್ರಮ್ಮು, ಮದುವೆ ಮೆರವಣಿಗೆಯ ಓಟ. ನಾನು ವಿಳಂಬದಲ್ಲಿ ಕೂರಿಸಿದ ಮಟ್ಟು ಅದು, ಬಸ್ಸಿಗೆ ಓಡುವವರು ಹಾಡುವ ಮಟ್ಟಲ್ಲ. ಎದ್ದು ಹೊರಗೆ ಹೋಗೋಣ ಅನ್ನಿಸಿತು.

ಹೋಗಲಿಲ್ಲ. ಏಕೆಂದರೆ ಯಾರ ಕೈಯಲ್ಲೂ ಪುಸ್ತಕವಿರಲಿಲ್ಲ. ಸುಮಾರು ಇನ್ನೂರು ಜನ, ಒಬ್ಬರೂ ಪುಸ್ತಕ ತೆರೆಯಲಿಲ್ಲ. ಎಲ್ಲರಿಗೂ ಬರುತ್ತಿತ್ತು. ನನ್ನ ಮುಂದಿನ ಬೆಂಚಿನ ಹೆಂಗಸೊಬ್ಬಳು, ಕೈಗೆ ಆಸ್ಪತ್ರೆಯ ಪಟ್ಟಿ ಇನ್ನೂ ಕಟ್ಟಿಕೊಂಡಿದ್ದಳು, ಕಣ್ಣು ಮುಚ್ಚಿ 'ಯಾವ ಕಡೆ ಕಡಿದಿತ್ತೊ' ಎಂಬ ಸಾಲನ್ನು ಡ್ರಮ್ಮಿಗಿಂತ ಹಿಂದೆ, ತನ್ನದೇ ನಿಧಾನದಲ್ಲಿ ಹಾಡುತ್ತಿದ್ದಳು. ಆ ಹೆಂಗಸಿಗೆ ಅದನ್ನು ಕೊಟ್ಟದ್ದು ಕುದುರೆ ಏರಿದ ಪಾದ್ರಿಯಲ್ಲ, ಹಾರ್ಮೋನಿಯಂ ಇಟ್ಟುಕೊಂಡಿದ್ದ ನಾನೂ ಅಲ್ಲ.

ಹಾಡು ಮುಗಿಯಿತು. ದೊಡ್ಡಣ್ಣ ಮೈಕ್ ಹಿಡಿದು, "ಈ ಗೀತೆ ಬರೆದವರು ಇವತ್ತು ನಮ್ಮ ಮಧ್ಯೆ ಇದಾರೆ!" ಎಂದ. ಇನ್ನೂರು ತಲೆ ಹಿಂದಕ್ಕೆ ತಿರುಗಿದವು. ಚಪ್ಪಾಳೆ. ನಾನು ಎದ್ದು ನಿಂತು, ಮೈಕ್ ಬೇಡವೆಂದು ಗಟ್ಟಿಯಾಗಿಯೇ ಹೇಳಿದೆ: "ಇದು ನನ್ನದಲ್ಲ."

ಮತ್ತೂ ಜೋರಾಗಿ ಚಪ್ಪಾಳೆ.

ಸಭಾಪಾಲಕರು ಮುಂದೆ ಬಂದು, "ನೋಡಿದ್ರಾ! ಎಲ್ಲವೂ ದೇವರದ್ದೇ, ನಂದೇನೂ ಇಲ್ಲ ಅಂತ ಸಾರ್ ಹೇಳ್ತಿದಾರೆ. ಈ ವಿನಯ ನಮ್ಮೆಲ್ಲರಿಗೂ ಬರ್ಲಿ" ಎಂದರು. ಹಿಂದಿನಿಂದ ಯಾರೋ 'ಆಮೆನ್' ಎಂದರು. ಅರುಣಾ, ನನ್ನ ಎಪ್ಪತ್ತಮೂರು ವರ್ಷದಲ್ಲಿ ನಿಜ ಹೇಳಿ ಇಷ್ಟು ಅವಮಾನಪಟ್ಟದ್ದು ಅದೇ ಮೊದಲು.

ಪಕ್ಕದ ಕೋಣೆಯಲ್ಲಿ ಸಮಿತಿ ಕೂತಿತು. ನಾನು ಎಲ್ಲ ಹೇಳಿದೆ, ಜ್ವರ, ಗಂಜಿ, ಒಗೆಯುವ ಕಲ್ಲು. ಕೇಳಿ ತಲೆದೂಗಿದರು. ಆದರೆ ಅವರಿಗೆ ಬೇಕಾದದ್ದು ಕತೆಯಲ್ಲ, ಒಪ್ಪಿಗೆ. ಬೇಡ ಎನ್ನುವವರ ಹೆಸರನ್ನು ಪುಸ್ತಕದಲ್ಲಿ ಹಾಕುವಂತಿಲ್ಲವಂತೆ. ಇನ್ನೊಬ್ಬ ಗೀತಕಾರರ ಮೊಮ್ಮಕ್ಕಳು ಹಿಂದೆ ಅದಕ್ಕೇ ಜಗಳ ತೆಗೆದಿದ್ದರಂತೆ. ಕೊನೆಗೆ ದೊಡ್ಡಣ್ಣ ಬೇಸರದಿಂದ, ನಿಜವಾದ ಬೇಸರದಿಂದ, ಹೀಗೆಂದ: "ಸಾರ್, ನಿಮ್ಮ ಮೇಲೆ ಗೌರವ ಇದೆ. ಇಪ್ಪತ್ನಾಲ್ಕರ ಬೆಳಿಗ್ಗೆ ತನಕ ಕಾಯ್ತೀನಿ. ಆ ಅಜ್ಜಿ ನಂದು ಅಂದ್ರೆ ಅವರ ಹೆಸರು. ಇಲ್ಲಾಂದ್ರೆ ನಿಮ್ಮ ಹೆಸರು. ಅದೂ ಬೇಡ ಅಂತ ಹಠ ಹಿಡಿದ್ರೆ, 'ಕರ್ತೃ ತಿಳಿದಿಲ್ಲ' ಅಂತ ಹಾಕಿ ಮುಂದೆ ಹೋಗ್ತೀನಿ. ಮುನ್ನೂರ ಮೂವತ್ತೊಂಬತ್ತು ಹಾಡು ಕಾಯ್ತಾ ಕೂತಿವೆ."

ಮನೆಗೆ ಬಂದು ಜಗದಾಂಬಾಗೆ ಹೇಳಿದೆ. ನಲವತ್ತೈದು ವರ್ಷ ನನ್ನ ಜೊತೆ ಬಾಳಿದವಳು. ಅವಳು ನಗಲಿಲ್ಲ. "ನಿಮ್ಮ ಹೆಸರು ತಪ್ಪು ಬಿದ್ದಿದ್ದಕ್ಕೆ ಒಂದು ದಿನ ಕೂಗಾಡಿದ್ರಿ. ಅವರ ಹೆಸರಿಗೆ ಹತ್ತು ದಿನದಿಂದ ಊಟ ಸೇರ್ತಿಲ್ಲ. ಏನೋ ಇದೆ ರೀ. ಆ ಹುಡುಗಿಗೆ ಸರಿಯಾಗಿ ಬರೀರಿ" ಎಂದಳು. ಐವತ್ತೈದರ ನೀನು ಅವಳಿಗೆ ಇನ್ನೂ ಹುಡುಗಿ.

ಅದಕ್ಕೆ ಈ ಕಾಗದ. ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ಮಂಗಳವಾರದೊಳಗೆ ಸಿಗಬೇಕು. ಕೆಳಗೆ ಬರೆದದ್ದನ್ನು ಅಕ್ಕವ್ವನಿಗೆ ಓದಿ ಹೇಳು. ಬಲಗಿವಿಯ ಹತ್ತಿರ, ನಿಧಾನವಾಗಿ. ಮಧ್ಯೆ ನಿಲ್ಲಿಸಬೇಡ, ನಿನಗೆ ನನ್ನ ಮೇಲೆ ಸಿಟ್ಟು ಬಂದರೂ.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ಅಕ್ಕವ್ವನ ಕೆಮ್ಮು ಕಡಿಮೆಯಾಗಲಿ.

ಇಂತು,
ರೇವಣಸಿದ್ದಪ್ಪ

ಅಕ್ಕವ್ವನಿಗೆ ಓದಿ ಹೇಳಬೇಕಾದದ್ದು:

ಅಕ್ಕವ್ವ, ಆ ಸೈಕ್ಲೋಸ್ಟೈಲ್ ಪುಸ್ತಕದಲ್ಲಿ ನನ್ನ ಹೆಸರು ಹೇಗೋ ಮೊಟಕಾಯಿತು ಎಂದು ಅರುಣಾಳಿಗೆ ಬರೆದಿದ್ದೆ. ಸುಳ್ಳು. ಅದನ್ನು ಟೈಪ್ ಮಾಡಿದವನು ನಾನೇ, ನಮ್ಮ ಪತ್ರಿಕೆಯ ಕಚೇರಿಯಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಹಾಡಿನ ಕೆಳಗೆ ನನ್ನ ಹೆಸರು ಬೇಕಿತ್ತು, ಆದರೆ ಮಗ ಚರ್ಚಿಗೆ ಹಾಡು ಕಟ್ಟಿದನೆಂದು ಅಪ್ಪನಿಗೆ ಗೊತ್ತಾಗಬಾರದಿತ್ತು. ಅದಕ್ಕೆ ಅರ್ಧ ಹೆಸರು. ಬೇಕಿದ್ದರೆ ಇನ್ನೂ ನಾಲ್ಕು ಹೆಸರು ಹಿಡಿಸುವಷ್ಟು ಜಾಗ ಆ ಹಾಳೆಯಲ್ಲಿತ್ತು.

ಹಂಚಿದ ದಿನ ನೀನು ಕೈ ಒರೆಸಿಕೊಳ್ಳುತ್ತಾ ನನ್ನ ಬಾಗಿಲಿಗೆ ಬಂದೆ. ಪುಸ್ತಕ ತೆರೆದು ಹಿಡಿದು, "ಇದರಾಗ ನನ್ನ ಹೆಸರ ಯಾವುದು, ಬೆರಳಿಟ್ಟು ತೋರ್ಸು ತಮ್ಮಾ, ಮುಟ್ಟಿ ನೋಡ್ತೀನಿ" ಅಂದೆ. ನಾನು ಹೇಳಿದ್ದು ಅಕ್ಷರ ಅಕ್ಷರವಾಗಿ ನೆನಪಿದೆ: "ಬರೆದವರ ಹೆಸರು ಮಾತ್ರ ಹಾಕ್ತಾರೆ ಅಕ್ಕವ್ವ. ಬರೆದೋನು ನಾನಲ್ವಾ?"

ನೀನು ಒಂದು ಗಳಿಗೆ ಯೋಚಿಸಿ, "ಹೌದಲ್ಲ, ಬರದಾಂವ ನೀನ" ಎಂದು ಕೊಡ ಎತ್ತಿಕೊಂಡು ನಲ್ಲಿಗೆ ಹೋದೆ. ಸಿಟ್ಟಿರಲಿಲ್ಲ. ನಂಬಿದೆ. ನಲವತ್ತೊಂಬತ್ತು ವರ್ಷದಿಂದ ಅದನ್ನೇ ನಂಬಿ, ಮೊನ್ನೆ ಮಗಳಿಗೂ ಅದನ್ನೇ ಹೇಳಿದೆ.

ಭಾನುವಾರ ಇನ್ನೂರು ಜನರ ಎದುರು 'ನನ್ನದಲ್ಲ' ಎಂದೆ. 'ಕದ್ದೆ' ಎನ್ನಲಿಲ್ಲ. ಅದಕ್ಕೇ ಅವರಿಗೆ ಅದು ವಿನಯವಾಗಿ ಕೇಳಿಸಿತು. ಇದೇ ವಿಷಯ ಇವತ್ತು ದೊಡ್ಡಣ್ಣನಿಗೂ ಬರೆದು ಕಳಿಸಿದ್ದೇನೆ.

ಬರೆದವಳು ನೀನು, ಅಕ್ಕವ್ವ. ನಾನು ಬರೆದುಕೊಂಡವನು.

ಅರುಣಾ, ಈಗ ದೊಡ್ಡಣ್ಣನಿಗೆ ಫೋನ್ ಹಚ್ಚಿ ಅಮ್ಮನ ಕೈಗೆ ಕೊಡು. ಹಾಡು ಯಾರದು ಎಂದು ಕೇಳುತ್ತಾನೆ. ನನ್ನನ್ನು ಉಳಿಸಿ ಮಾತಾಡಬೇಕಾಗಿಲ್ಲ ಎಂದು ಆಕೆಗೆ ಹೇಳು. 'ನಂದು' ಅಂದರೆ ಸಾಕು.